ಹಿಂದಿನ ತಂಡ

ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಈ ಮಾತನ್ನು ಮೊದಲು ಆಡಿದವನು ಹೊರೆಯಾಳೇ ಇರಬೇಕು. ಹುಡುಕುವವರು ಹುಡುಕಿ ಹೆಸರು ಮಾಡುತ್ತಾರೆ. ಸವೆಯುವುದು ಹೊರುವವನ ಹೆಗಲು.

ದೊಡ್ಡ ಸಾಹೇಬರ ತಂಡ ಕಾಡು ಹೊಕ್ಕು ಒಂದು ಮಳೆಗಾಲವೇ ಕಳೆದಿತ್ತು. ಹಾಕಿದ ಬಟ್ಟೆ ಮೈಮೇಲೇ ನೆನೆದು ಮೈಮೇಲೇ ಒಣಗುತ್ತಿತ್ತು. ಕಾಲ್ಬೆರಳ ಸಂದಿಯ ಚರ್ಮ ನೆನೆದ ಕಾಗದದ ಹಾಗೆ ಎದ್ದು ಬರುತ್ತಿತ್ತು. ಜಿಗಣೆ ಕಿತ್ತ ಜಾಗದಲ್ಲಿ ಹುಣ್ಣು, ಹುಣ್ಣಿನ ಮೇಲೆ ಹೊರೆಯ ಹಗ್ಗ. ಸಂಜೆ ಹೊರೆ ಇಳಿಸಿದ ಮೇಲೂ ಆಳುಗಳ ಕತ್ತು ಒಂದೇ ಕಡೆಗೆ ವಾಲಿರುತ್ತಿತ್ತು, ಭಾರ ಇನ್ನೂ ಅಲ್ಲೇ ಕೂತಿದೆಯೇನೋ ಎಂಬಂತೆ.

ಇಷ್ಟೆಲ್ಲ ಯಾಕೆಂದರೆ, ಊರ ಪಕ್ಕ ಹರಿಯುವ ನದಿ ಎಲ್ಲಿ ಹುಟ್ಟುತ್ತದೆಂದು ತಿಳಿಯದೆ ದೊಡ್ಡವರಿಗೆ ಅನ್ನ ಸೇರುತ್ತಿರಲಿಲ್ಲವಂತೆ. ಅದೇ ನೀರು ಕುಡಿದು ಬೆಳೆದವರಿಗೆ ನದಿಯ ಹುಟ್ಟಿನ ಚಿಂತೆ ಇರಲಿಲ್ಲ, ಹೊಟ್ಟೆಯ ಚಿಂತೆ ಇತ್ತು. ಅನ್ನ ಸೇರದವರೂ ಅನ್ನ ಸಿಗದವರೂ ಒಟ್ಟಿಗೆ ಹೊರಟರೆ ಅದಕ್ಕೆ ಶೋಧಯಾತ್ರೆ ಎಂದು ಹೆಸರು.

ಶೋಧಿಸುವವರು ಮೂವರು: ದೊಡ್ಡ ಸಾಹೇಬರು, ಡಾಕ್ಟರು, ನಕ್ಷೆ ಬರೆಯುವವರು. ಉಳಿದವರೆಲ್ಲ ಹೊರುವವರು. ಹೊರೆಯಲ್ಲಿ ಅಕ್ಕಿ ಇತ್ತು, ಡೇರೆ ಇತ್ತು, ಸಾಹೇಬರು ಕೂತು ಮೀಯಲು ತಗಡಿನ ತೊಟ್ಟಿ ಇತ್ತು, ಗಡ್ಡ ಹೆರೆಯಲು ಆಳೆತ್ತರದ ಕನ್ನಡಿ ಇತ್ತು. ಜೊತೆಗೊಂದು ಕಲ್ಲು. ನುಣ್ಣಗೆ ತಿಕ್ಕಿದ ಕರಿಕಲ್ಲು. ನದಿಯ ಮೂಲವನ್ನು ಮೊಟ್ಟಮೊದಲು ಕಂಡವರು ಇವರೇ ಎಂದು ಸಾಹೇಬರ ಹೆಸರನ್ನು ಊರಿನಲ್ಲೇ ಕೊರೆಸಿ ತಂದದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಇವರು ಕುಲಾವಿಯನ್ನು ಕಲ್ಲಿನಲ್ಲಿ ಮಾಡಿಸಿದ್ದರು.

ಆ ಕಲ್ಲು ಬಿದ್ದದ್ದು ಗೊಣಗಣ್ಣನ ಬೆನ್ನಿಗೆ. ಸೂರ್ಯ ಹುಟ್ಟಿದ್ದಕ್ಕೂ ಗೊಣಗುವ, ಮುಳುಗಿದ್ದಕ್ಕೂ ಗೊಣಗುವ ಮನುಷ್ಯ ಅವನು. ಒಲೆಯ ಹತ್ತಿರ ಬಂದು ಕೂತರೆ ಅಡುಗೆಯಕ್ಕನಿಗೆ ಅರ್ಧ ಕೆಲಸ ನಗುವುದೇ ಆಗುತ್ತಿತ್ತು.

"ಬೆಟ್ಟಕ್ಕೆ ಕಲ್ಲು ಹೊರೋದು ಅಂತ ಗಾದೆ ಕೇಳಿದ್ದೆ ಕಣಕ್ಕ. ಅದು ನನ್ನ ಹಣೆಬರಹ ಅಂತ ಗೊತ್ತಿರಲಿಲ್ಲ. ಅಲ್ಲ, ಮೇಲೆ ಕಲ್ಲೇ ಇರಲ್ವಾ? ಅಲ್ಲಿರೋ ಒಂದರ ಮೇಲೆ ಕೆತ್ತಿದ್ರೆ ಆಗ್ತಿರಲಿಲ್ವಾ?"

"ಅಲ್ಲಿನ ಕಲ್ಲಿಗೆ ಸಾಹೇಬ್ರ ಪರಿಚಯ ಇಲ್ಲವಲ್ಲಣ್ಣ, ಅದಕ್ಕೆ," ಎನ್ನುತ್ತಿದ್ದಳು ಅಕ್ಕ, ಸೌದೆ ಮುಂದಕ್ಕೆ ತಳ್ಳುತ್ತ.

ಇಡೀ ತಂಡಕ್ಕೆ ಅವಳು ಅಕ್ಕ. ಒಡಹುಟ್ಟಿದ ಅಕ್ಕ ಮಾತ್ರ ಒಬ್ಬನಿಗೆ, ಔಷಧಿ ಪೆಟ್ಟಿಗೆ ಹೊರುವವನಿಗೆ. ತಾಯಿ ತೀರಿಕೊಂಡಾಗ ಅವನು ಇವಳ ಸೊಂಟದ ಮೇಲಿನ ಕೂಸು. ಈಗ ಮೀಸೆ ಬಂದಿದೆ, ಅವಳಿಗಿಂತ ಒಂದು ತಲೆ ಎತ್ತರ ಆಗಿದ್ದಾನೆ. ಆದರೂ ತಟ್ಟೆ ಕೊಡುವಾಗ ಅವಳ ಇನ್ನೊಂದು ಕೈ ತಾನಾಗಿ ಅವನ ಹಣೆ ಮುಟ್ಟಿ ಬರುತ್ತಿತ್ತು. "ಬಿಡಕ್ಕ, ಎಲ್ಲ ನಗ್ತಾರೆ," ಎಂದು ಅವನು ತಲೆ ತಪ್ಪಿಸುತ್ತಿದ್ದ. ಅವನು ಹೊರಡುತ್ತಾನೆಂದೇ ಅವಳೂ ಅಡುಗೆಗೆ ಎಂದು ಹೊರಟಿದ್ದು.

ಒಂದು ದಿನ ಗೊಣಗಣ್ಣ ಗೊಣಗಲಿಲ್ಲ. ಗಲಾಟೆ ಮಾಡುವ ಮಗು ಸುಮ್ಮನಾದರೆ ತಾಯಿ ಮೊದಲು ಮುಟ್ಟುವುದು ಹಣೆಯನ್ನು. ಅಕ್ಕನೂ ಮುಟ್ಟಿದಳು. ಕಾದ ಕಾವಲಿಯ ಹಾಗಿತ್ತು. ಡಾಕ್ಟರ ಡೇರೆಗೆ ಹೋಗಿ ಹೇಳಿದಳು.

"ನಡೀತಿದ್ದಾನೋ ಇಲ್ವೋ?" ಡಾಕ್ಟರು ಕೇಳಿದರು.

"ನಡೀತಿದಾನೆ ಸಾಹೇಬ್ರೇ, ಆದ್ರೆ ಮೈ ಕೆಂಡ ಆಗಿದೆ."

"ನಡೆಯೋನಿಗೆ ಎಂಥ ಕಾಯಿಲೆ? ಮೈಗಳ್ಳತನ. ಬಿದ್ದರೆ ಬಂದು ಹೇಳು."

ಮರುದಿನ ಏರಿನಲ್ಲಿ ಗೊಣಗಣ್ಣ ಕಲ್ಲಿನ ಸಮೇತ ಬಿದ್ದ. ಅಕ್ಕ ಓಡಿಹೋಗಿ ಹೇಳಿದಳು.

"ಬಿದ್ದೋನಿಗೆ ಔಷಧಿ ಕೊಟ್ಟು ಏನು ಉಪಯೋಗ?" ಎಂದರು ಡಾಕ್ಟರು. "ಅವನು ಇನ್ನು ಹೊರೋದಿಲ್ವಲ್ಲ."

ಹೊರೆಯಾಳುಗಳಲ್ಲಿ ಒಂದು ಕಟ್ಟಳೆ ಇದೆ. ಯಾರೂ ಬರೆದಿಟ್ಟದ್ದಲ್ಲ, ಅಪ್ಪನ ಹಿಂದೆ ಮಗ ಹೊರೆ ಹೊತ್ತು ಕಲಿತದ್ದು. ಹೊತ್ತವನು ಬಿದ್ದರೆ ಹೊರೆ ಕೆಳಗೆ, ಹೊತ್ತವನು ಮೇಲೆ. ಹತ್ತಿರ ಇರುವವರು ತಮ್ಮ ಹೊರೆ ಅಲ್ಲೇ ಇಳಿಸಿ ಬಿದ್ದವನನ್ನು ಎತ್ತಿಕೊಳ್ಳಬೇಕು. ಆಳುಗಳ ಮೇಸ್ತ್ರಿ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ಇದನ್ನು ಸಾಹೇಬರ ಮುಂದೆ ಹೇಳಿದ.

ಸಾಹೇಬರು ಬೇಸರ ಮಾಡಿಕೊಳ್ಳಲಿಲ್ಲ. "ಎತ್ತೋಕೆ ನಾವೇ ಆಗಬೇಕಾ ಮೇಸ್ತ್ರಿ? ಹಿಂದಿನ ತಂಡ ಬರ್ತಾ ಇದೆ. ಅವರು ಎತ್ಕೊಂಡು ಬರ್ತಾರೆ."

"ಹಿಂದಿನ ತಂಡಾನಾ?"

"ನಾವು ಮುಂದಿನ ತಂಡ. ಮುಂದಿಂದು ಇದ್ದ ಮೇಲೆ ಹಿಂದಿಂದು ಇರಲ್ವೇನಯ್ಯ?"

ಮೇಸ್ತ್ರಿ ಸಾಹೇಬರಿಗೆ ಕೈಮುಗಿದ. ಮುಂಡಾಸು ಮತ್ತೆ ಸುತ್ತಿಕೊಂಡ.

ಇಳಿಜಾರಿನ ಒಂದು ದೊಡ್ಡ ಮರದ ಬುಡದಲ್ಲಿ ಗೊಣಗಣ್ಣನನ್ನು ಕೂರಿಸಿದರು. ಹೊದಿಯಲು ಕಂಬಳಿ, ಕುಡಿಯಲು ನೀರು, ತಿನ್ನಲು ಸಾಹೇಬರ ಊಟದ ಪಾಲಿನಿಂದಲೇ ತೆಗೆದ ಒಂದು ಮಾಂಸದ ಡಬ್ಬಿ. ಆ ಉದಾರತನ ಕಂಡು ನಕ್ಷೆಯವರ ಕಣ್ಣು ಒದ್ದೆಯಾಯಿತು. ಕಲ್ಲನ್ನು ಬೇರೊಬ್ಬನ ಬೆನ್ನಿಗೆ ಕಟ್ಟಿದರು.

"ಹಿಂದಿನ ತಂಡದೋರು ಬರ್ಲಿ," ಗೊಣಗಣ್ಣ ಕಣ್ಣು ಮುಚ್ಚಿಕೊಂಡೇ ಗೊಣಗಿದ. "ಮೊದಲೇ ಹೇಳಿಬಿಡ್ತೀನಿ, ಕಲ್ಲು ಗಿಲ್ಲು ಹೊರೋನಲ್ಲ ನಾನು ಅಂತ."

ಅವನು ಗೊಣಗಿದ್ದು ಕೇಳಿ ಅಕ್ಕನಿಗೆ ಎಷ್ಟೋ ಸಮಾಧಾನವಾಯಿತು. ಆ ಸಮಾಧಾನ ಮಧ್ಯಾಹ್ನದವರೆಗೆ ಉಳಿಯಿತು. ಸಾಹೇಬರ ಊಟಕ್ಕೆ ಡಬ್ಬಿ ತೆರೆಯಲೆಂದು ಸೊಂಟಕ್ಕೆ ಕೈ ಹಾಕಿದಳು. ಡಬ್ಬಿ ಕತ್ತರಿಸುವ ಕೊಕ್ಕೆ ಅಲ್ಲೇ ತೂಗುತ್ತಿತ್ತು. ಇಡೀ ತಂಡಕ್ಕೆ ಇದ್ದದ್ದು ಅದೊಂದೇ.

"ಮೇಸ್ತ್ರಿ, ನಾನು ಹಿಂದೆ ಹೋಗಿ ಬರ್ತೀನಿ. ಡಬ್ಬಿ ತೆರೆದು ಕೊಟ್ಟು ಬಂದುಬಿಡ್ತೀನಿ."

ಮೇಸ್ತ್ರಿ ಹೋಗಿ ಕೇಳಿ ಬಂದ. "ಬೇಡವಂತೆ ಕಣಮ್ಮ. ಹಿಂದಿನ ತಂಡದ ಹತ್ರ ಕೊಕ್ಕೆ ಇರುತ್ತಂತೆ."

ಅವಳು ಡಬ್ಬಿ ತೆರೆದಳು. ಸಾಹೇಬರು ಉಂಡರು.

ಕೆಲವು ದಿನಕ್ಕೆ ಅದೇ ಜ್ವರ ದೊಡ್ಡ ಸಾಹೇಬರಿಗೂ ಬಂತು. ಅದೇ ನಡುಕ, ಅದೇ ಕೆಂಡದ ಮೈ. ಆದರೆ ಡಾಕ್ಟರು ನೋಡಿದ ಕೂಡಲೇ ಇದು ಬೇರೆ ಎಂದು ಗುರುತಿಸಿದರು. ಶೋಧಜ್ವರ. ಹೊಸ ನಾಡು ಹುಡುಕುವವರ ರಕ್ತದಲ್ಲಿ ಮಾತ್ರ ಏಳುವ ಜ್ವರವಂತೆ ಅದು. ಕೊರಳಲ್ಲಿ ನೇತುಹಾಕಿಕೊಂಡಿದ್ದ ಕೀಲಿಯಿಂದ ಪೆಟ್ಟಿಗೆ ತೆಗೆದು ಬಿಳಿ ಗುಳಿಗೆ ಕೊಟ್ಟರು. ಊಟದ ಕುರ್ಚಿಗೆ ಎರಡು ಬಿದಿರು ಕಟ್ಟಿಸಿದರು. ಇನ್ನು ಮೇಲೆ ನಾಲ್ವರು ಹೊರುವುದು, ಸಾಹೇಬರು ಕೂತು ಶೋಧಿಸುವುದು. ನಾಲ್ವರ ಹೊರೆ ಉಳಿದವರಿಗೆ ಹಂಚಿಹೋಯಿತು.

ಗುಳಿಗೆ ಒಳ್ಳೆಯದೇ ಇರಬೇಕು. ಸ್ವಲ್ಪ ದಿನಕ್ಕೇ ಸಾಹೇಬರ ತಟ್ಟೆ ನೆಕ್ಕಿದ ಹಾಗೆ ಖಾಲಿಯಾಗಿ ಬರತೊಡಗಿತು. ಜ್ವರ ಬಂದವರ ತಟ್ಟೆ ಹೇಗಿರುತ್ತದೆಂದು ಅಕ್ಕನಿಗೆ ಗೊತ್ತು. ಆದರೆ ಸಾಹೇಬರು ಕುರ್ಚಿ ಬಿಟ್ಟು ಇಳಿಯಲಿಲ್ಲ. ಜ್ವರ ಬಿಟ್ಟರೂ ಕುರ್ಚಿ ಬಿಡದ ಕಾಯಿಲೆ ಅದು.

ತಮ್ಮನ ತಟ್ಟೆ ಮಾತ್ರ ತುಂಬಿದ್ದು ತುಂಬಿದಂತೆಯೇ ವಾಪಸ್ ಬಂತು.

"ಯಾಕೋ?"

"ಹಸಿವಿಲ್ಲಕ್ಕ."

ಹಣೆ ಮುಟ್ಟಹೋದಳು. ಅವನು ತಲೆ ತಪ್ಪಿಸಲಿಲ್ಲ. ಅದೇ ಅವಳಿಗೆ ಸಾಕಾಯಿತು, ಕೈಯಿಟ್ಟು ನೋಡುವುದೇ ಬೇಡವಾಗಿತ್ತು.

ಡಾಕ್ಟರ ಮುಂದೆ ನಿಂತಳು. "ಸಾಹೇಬ್ರೇ, ದೊಡ್ಡ ಸಾಹೇಬ್ರಿಗೆ ಬಂದಿದ್ದೇ ನನ್ನ ತಮ್ಮಂಗೂ ಬಂದಿದೆ. ಒಂದು ಗುಳಿಗೆ ಕೊಡಿ."

"ಅವರಿಗೆ ಬಂದಿರೋದು ಶೋಧಜ್ವರ ಕಣಮ್ಮ. ಅದು ಬರಬೇಕಾದ್ರೆ ಶೋಧಕ ಆಗಿರಬೇಕು. ನಿನ್ನ ತಮ್ಮ ಏನು ಶೋಧಿಸಿದ್ದಾನೆ?"

"ಏನೂ ಇಲ್ಲ. ನಿಮ್ಮ ಪೆಟ್ಟಿಗೆ ಹೊತ್ತಿದಾನೆ."

"ನಡೀತಿದ್ದಾನಲ್ಲ?"

ಅವಳು ಅಲ್ಲಿಂದ ತಿರುಗಿ ನಡೆದಳು. ಈ ಪ್ರಶ್ನೆಯ ಮುಂದಿನ ಪ್ರಶ್ನೆ ಅವಳಿಗೆ ಗೊತ್ತಿತ್ತು.

ತಮ್ಮ ನಡೆದ. ತಲೆಯ ಮೇಲೆ ಜ್ವರದ ಔಷಧಿ, ತಲೆಯೊಳಗೆ ಜ್ವರ. ನಡುವೆ ಒಂದು ಹಲಗೆಯಷ್ಟೇ ದಪ್ಪ. ಪೆಟ್ಟಿಗೆಯೊಳಗೆ ಸೀಸೆಗಳು ಕಿಣಿಕಿಣಿ ಎನ್ನುತ್ತಿದ್ದವು. ಅವನ ಹಲ್ಲೂ ಹಾಗೇ ಎನ್ನುತ್ತಿತ್ತು. ಅಕ್ಕ ಪಾತ್ರೆಯ ಹೊರೆ ಹೊತ್ತು ಅವನ ಹಿಂದೆಯೇ ನಡೆದಳು. ಇವತ್ತು ಬೀಳಬೇಡ ಮಗ, ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳು. ಬಿದ್ದರೆ ಮರದ ಬುಡ.

ಆಮೇಲೊಂದು ದಿನ ಬಿಸಿಲು ಏರುವ ಹೊತ್ತಿಗೆ ಅವನು ಬಿದ್ದ.

"ಏನದು ಸದ್ದು?" ಕುರ್ಚಿಯ ಮೇಲಿಂದ ದೊಡ್ಡ ಸಾಹೇಬರು ಕೇಳಿದರು.

"ಔಷಧಿ ಪೆಟ್ಟಿಗೆ ಬಿತ್ತು ಸರ್," ಎಂದರು ನಕ್ಷೆಯವರು.

ಡಾಕ್ಟರು ಬಿದ್ದೆನೋ ಕೆಟ್ಟೆನೋ ಎಂದು ಓಡಿ ಬಂದರು. ಮೊಣಕಾಲೂರಿ ಕೂತರು. ಮೂಲೆಮೂಲೆ ಸವರಿ ನೋಡಿದರು, ಕಿವಿಯಿಟ್ಟು ಕೇಳಿದರು, ಬೀಗ ತೆಗೆದು ಒಂದೊಂದೇ ಸೀಸೆ ಬೆಳಕಿಗೆ ಹಿಡಿದರು. "ಸದ್ಯ, ಏನೂ ಆಗಿಲ್ಲ," ಎಂದು ಮತ್ತೆ ಬೀಗ ಹಾಕಿದರು. ಪಕ್ಕದಲ್ಲೇ ತಮ್ಮ ಬಿದ್ದಿದ್ದ. ಅಕ್ಕ ಅವನ ತಲೆ ಮಡಿಲಲ್ಲಿಟ್ಟುಕೊಂಡಿದ್ದಳು.

"ಯಾವುದಾದ್ರೂ ಒಳ್ಳೆ ಮರ ನೋಡಿ," ಸಾಹೇಬರು ಮೇಸ್ತ್ರಿಗೆ ಹೇಳಿದರು. "ಒಂದು ಡಬ್ಬಿ ಕೊಡಿ. ಹಿಂದಿನ ತಂಡ ಎತ್ಕೊಂಡು ಬರುತ್ತೆ. ನಾಳೆ ಸಂಜೆಗೆ ನದಿಮೂಲ ಸಿಗಬೇಕು, ಹೊರಡಿ."

ಅಕ್ಕ ತಲೆಯೆತ್ತಿದಳು. "ಸಾಹೇಬ್ರೇ, ಒಂದು ಮಾತು ಕೇಳ್ತೀನಿ. ಹಿಂದಿನ ತಂಡಕ್ಕೆ ಅಡುಗೆ ಮಾಡೋರು ಯಾರು?"

"ಏನಂದೆ?"

"ಹೊರಡೋವಾಗ ಅಕ್ಕಿ ಅಳೆದು ಮೂಟೆ ಕಟ್ಟಿಸಿದೋಳು ನಾನು. ಹಿಂದಿನ ತಂಡಕ್ಕೆ ಅಂತ ಯಾರೂ ಒಂದು ಹಿಡಿ ಅಕ್ಕಿ ಕೇಳಲಿಲ್ಲ. ಒಂದು ಪಾತ್ರೆ ಕೇಳಲಿಲ್ಲ. ಇಷ್ಟು ದಿನದಿಂದ ಅವರು ಏನು ತಿಂದ್ಕೊಂಡು ನಡೀತಿದಾರೆ?"

ಸಾಲಿನವರೆಲ್ಲ ಸಾಹೇಬರ ಕಡೆ ತಿರುಗಿದರು.

"ಗಾಳಿ ತಿಂದ್ಕೊಂಡು ಇರಬೇಕು," ಹಿಂದಿನಿಂದ ಯಾರೋ ಹೇಳಿದರು. ಗೊಣಗಣ್ಣ ಇದ್ದಿದ್ದರೆ ಹೇಳುತ್ತಿದ್ದ ಮಾತು. ಅವನಿಲ್ಲದ್ದಕ್ಕೆ ಇನ್ನೊಬ್ಬ ಹೇಳಿದ.

"ಅದೆಲ್ಲ ಆಡಳಿತದ ವಿಷಯ. ನಿನಗೆ ಅರ್ಥ ಆಗಲ್ಲ," ಎಂದರು ಸಾಹೇಬರು.

"ಅರ್ಥ ಆಗೋದು ಬೇಡ. ಇದೆಯೋ ಇಲ್ವೋ, ಅಷ್ಟು ಹೇಳಿ."

ಸಾಹೇಬರು ಡಾಕ್ಟರ ಮುಖ ನೋಡಿದರು. ಡಾಕ್ಟರು ನಕ್ಷೆಯವರ ಮುಖ ನೋಡಿದರು. ನಕ್ಷೆಯವರು ನಕ್ಷೆ ನೋಡಿದರು.

"ಇರಬೇಕಾಗಿತ್ತು," ಎಂದರು ಸಾಹೇಬರು.

ಕಲ್ಲು ಹೊತ್ತಿದ್ದವನು ಮೊದಲು ಕಲ್ಲು ಇಳಿಸಿದ. ಧಪ್ ಎಂದಿತು. ಆಮೇಲೆ ತಗಡಿನ ತೊಟ್ಟಿ ಇಳಿಯಿತು. ಕನ್ನಡಿ ಒಂದು ಮರಕ್ಕೆ ಒರಗಿತು. ಒಬ್ಬರಾದ ಮೇಲೊಬ್ಬರು ಹೊರೆ ಇಳಿಸಿ ನೆಟ್ಟಗೆ ನಿಂತರು. ಯಾರೂ ಕೂಗಲಿಲ್ಲ. ಕುರ್ಚಿ ಹೊತ್ತ ನಾಲ್ವರು ಒಬ್ಬರನ್ನೊಬ್ಬರು ನೋಡಿಕೊಂಡು, ಅಭ್ಯಾಸದಂತೆ ಜೋಪಾನವಾಗಿಯೇ, ಸಾಹೇಬರನ್ನು ನೆಲಕ್ಕೆ ತಂದರು.

"ಇಳೀರಿ ಸಾಹೇಬ್ರೇ," ಎಂದ ಮೇಸ್ತ್ರಿ. ಈ ಸಲ ಮುಂಡಾಸು ಬಿಚ್ಚಲಿಲ್ಲ. "ಹೊತ್ತವನು ಬಿದ್ದಿದಾನೆ. ಕುರ್ಚಿ ಬೇಕು."

"ನನಗೆ ಮೈಯಲ್ಲಿ ಹುಷಾರಿಲ್ಲ."

"ಬೆಳಗ್ಗೆ ನಿಮ್ಮ ತಟ್ಟೆ ತೊಳೆಯೋ ಕೆಲಸವೇ ಇರಲಿಲ್ಲವಲ್ಲ ಸಾಹೇಬ್ರೇ," ಅಕ್ಕ ಹೇಳಿದಳು. "ನೀವೇ ತೊಳೆದಿಟ್ಟ ಹಾಗಿತ್ತು."

ಎಷ್ಟೋ ದಿನದ ಮೇಲೆ ಆಳುಗಳು ನಕ್ಕರು. ಸಾಹೇಬರು ಕೆಂಪಾದರು. "ಎಲ್ಲರೂ ಕರಾರಿಗೆ ಹೆಬ್ಬೆಟ್ಟು ಒತ್ತಿದ್ದೀರಿ. ಅರ್ಧ ದಾರಿಯಲ್ಲಿ ಬಿಟ್ಟು ಹೋದ್ರೆ ಒಬ್ಬೊಬ್ಬರನ್ನೂ ಜೈಲಿಗೆ ಹಾಕಿಸ್ತೀನಿ."

"ಹಾಕಿಸಿ," ಎಂದ ಮೇಸ್ತ್ರಿ. "ಜೈಲು ಊರಲ್ಲೇ ಅಲ್ವಾ ಇರೋದು? ನಾವೂ ಆ ಕಡೆಗೇ ಹೊರಟಿದೀವಿ."

"ನದಿಮೂಲ? ಇಷ್ಟು ಹತ್ತಿರ ಬಂದು?"

"ನದಿ ಅಲ್ಲೇ ಇರುತ್ತೆ ಸಾಹೇಬ್ರೇ," ಎಂದಳು ಅಕ್ಕ. "ಇವನು ಇರಲ್ಲ."

ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಸೆರಗು ಹರಿದು ಕಟ್ಟಿದಳು. ಅಕ್ಕಿ ಎತ್ತಿದರು, ಡೇರೆ ಎತ್ತಿದರು, ಔಷಧಿ ಪೆಟ್ಟಿಗೆ ಎತ್ತಿದರು. ತೊಟ್ಟಿಯನ್ನು ಯಾರೂ ತಿರುಗಿ ನೋಡಲಿಲ್ಲ. ಕನ್ನಡಿ ಕೋತಿಗಳಿಗಿರಲಿ ಎಂದರು. ಕಲ್ಲನ್ನೂ ಬಿಟ್ಟೇ ಹೊರಡುತ್ತಿದ್ದರು, ಅಕ್ಕ ತಡೆದಳು.

"ಕಲ್ಲು ಇರಲಿ. ಅದು ಗೊಣಗಣ್ಣನ ಹೊರೆ. ಅವನ ಹತ್ತಿರಕ್ಕೇ ಹೋಗ್ತಿದೀವಿ."

ಆ ಹೆಸರು ಕೇಳಿ ಎಲ್ಲರೂ ತಲೆ ತಗ್ಗಿಸಿದರು. ಕಲ್ಲು ಎತ್ತಲು ಇಬ್ಬರು ಮುಂದೆ ಬಂದರು.

ಶೋಧಕರು ಮೂವರೂ ತೊಟ್ಟಿಯ ಸುತ್ತ ನಿಂತು ಸ್ವಲ್ಪ ಹೊತ್ತು ಆಲೋಚಿಸಿದರು. ತೊಟ್ಟಿ ಹೊರುವವರಿಲ್ಲದೆ ಕಾಡು ಬಹಳ ದೊಡ್ಡದಾಗಿ ಕಂಡಿತು. ಆಳುಗಳ ಸಾಲು ಇನ್ನೇನು ಮರೆಯಾಗಬೇಕು, ಅಷ್ಟರಲ್ಲಿ ಹಿಂದೆ ಬೂಟಿನ ಸದ್ದು ಕೇಳಿಸಿತು. ಸಾಹೇಬರ ನಡಿಗೆ ಚುರುಕಾಗಿಯೇ ಇತ್ತು.

ಮೊದಲು ಬಂದು ಕೂಡಿಕೊಂಡವರು ಡಾಕ್ಟರು. ಅವರಿಗೆ ನಡುಕ ಶುರುವಾಗಿತ್ತು. ಮೇಸ್ತ್ರಿ ಪೆಟ್ಟಿಗೆ ಇಳಿಸಿ ಅದರ ಮೇಲೆ ಕೂತ.

"ಕೀಲಿ ಇಲ್ಲದ ಪೆಟ್ಟಿಗೆ ನಮಗೆ ಹೊರೆ ಸಾಹೇಬ್ರೇ. ಪೆಟ್ಟಿಗೆ ಇಲ್ಲದ ಕೀಲಿ ನಿಮಗೆ ಕೊರಳ ಸರ. ಏನು ಮಾಡೋಣ?"

ಡಾಕ್ಟರು ಬೀಗ ತೆಗೆದರು. ತಾವೊಂದು ಗುಳಿಗೆ ನುಂಗಿದರು. ತಮ್ಮನಿಗೆ ಅಕ್ಕ ನುಂಗಿಸಿದಳು.

"ಇವನದು ಯಾವ ಕಾಯಿಲೆ ಸಾಹೇಬ್ರೇ?"

"ಶೋಧಜ್ವರ," ಡಾಕ್ಟರು ನೆಲ ನೋಡುತ್ತ ಹೇಳಿದರು.

"ನೋಡು ಮಗ," ಅಕ್ಕ ತಮ್ಮನ ಬೆವೆತ ಕೂದಲು ಹಿಂದಕ್ಕೆ ಸರಿಸಿದಳು. "ಕುರ್ಚಿ ಹತ್ತಿದ ಕೂಡಲೇ ಎಂಥ ದೊಡ್ಡ ಕಾಯಿಲೆ ಬಂತು ನಿಂಗೆ."

ಅಂದಿನಿಂದ ಬೀಗ ಹಾಕಲಿಲ್ಲ. ಒಂದು ಬೆಳಗ್ಗೆ ತಮ್ಮ ಕಣ್ಣು ಬಿಟ್ಟು, "ಅಕ್ಕ, ಈ ಕುರ್ಚಿ ಬೆನ್ನಿಗೆ ಒತ್ತುತ್ತೆ. ಸಾಹೇಬ್ರು ಹೇಗೆ ಕೂತಿದ್ರೋ," ಎಂದ. ಗಂಜಿ ಕೇಳಿದ. ಅಕ್ಕ ಒಲೆಯ ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡಳು.

ಆ ಮರ ದೂರದಿಂದಲೇ ಕಾಣಿಸಿತು. ಅಕ್ಕ ಸಾಲು ಬಿಟ್ಟು ಮುಂದಕ್ಕೆ ನಡೆದಳು.

ಗೊಣಗಣ್ಣ ಅಲ್ಲೇ ಇದ್ದ. ಕಂಬಳಿ ತಲೆಯವರೆಗೆ ಎಳೆದುಕೊಂಡು ಮುದುಡಿದ್ದ. ಜೀವ ಹೋಗಿ ಎಷ್ಟು ದಿನವಾಗಿತ್ತೋ. ಮುಖ ಊರಿನಿಂದ ಬರುವ ದಾರಿಯ ಕಡೆಗಿತ್ತು, ಹಿಂದಿನ ತಂಡ ಬರಬೇಕಾದ ಕಡೆಗೆ. ಕೈಯ ಪಕ್ಕದಲ್ಲಿ ಡಬ್ಬಿ ಇತ್ತು. ಡಬ್ಬಿಯ ತುಂಬ ಕಲ್ಲಿನಿಂದ ಜಜ್ಜಿದ ತಗ್ಗುಗಳು. ಒಂದು ಅಂಚಿನಲ್ಲಿ ಹಲ್ಲಿನ ಗುರುತು. ಡಬ್ಬಿ ತೆರೆದಿರಲಿಲ್ಲ.

ಅಕ್ಕ ಕೂತಳು. ಸೊಂಟದ ಕೊಕ್ಕೆ ತೆಗೆದು ಡಬ್ಬಿಯ ಸುತ್ತ ಕತ್ತರಿಸಿದಳು. ಎಷ್ಟು ಹೊತ್ತಿನ ಕೆಲಸ ಅದು. ಅನ್ನ ಮಗುಚುವಷ್ಟು ಹೊತ್ತೂ ಬೇಡ. ತೆರೆದ ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟಳು.

"ತಡ ಆಯ್ತಣ್ಣ," ಎಂದಳು. "ಬಯ್ಯಿ ನನ್ನ."

ಬಯ್ಯಲಿಲ್ಲ ಅವನು. ಅದಕ್ಕೇ ಅವಳಿಗೆ ಅಳು ಬಂದದ್ದು.

ಕುಣಿ ತೋಡಿದರು. ಹೊತ್ತವನು ಬಿದ್ದರೆ ಹೊತ್ತವನು ಮೇಲೆ ಎಂಬ ಕಟ್ಟಳೆಯನ್ನು ಅವನೊಬ್ಬನ ವಿಷಯದಲ್ಲಿ ಮುರಿದಿದ್ದೆವು ಎಂದು ಮೇಸ್ತ್ರಿ ಮಣ್ಣು ಎಳೆಯುತ್ತ ಹೇಳಿದ. ಮಣ್ಣು ಮುಚ್ಚಿದ ಮೇಲೆ ಕರಿಕಲ್ಲು ತಂದರು.

"ಅದು ನನ್ನ ಕಲ್ಲು," ದೊಡ್ಡ ಸಾಹೇಬರು ಮುಂದೆ ಬಂದರು. "ಅದರ ಮೇಲೆ ನನ್ನ ಹೆಸರಿದೆ."

"ಹೊತ್ತವನು ಅವನು," ಎಂದಳು ಅಕ್ಕ. "ಹೆಸರು ಕೆಳಗೆ ಮಾಡಿ ಇಡಿ."

ಹೆಸರು ಮಣ್ಣಿಗೆ ತಾಗುವ ಹಾಗೆ ಇಟ್ಟರು. ಮೇಲೆ ನುಣುಪಾದ ಕರಿಕಲ್ಲು ಮಾತ್ರ ಉಳಿಯಿತು.

ಅಲ್ಲೇ ಒಲೆ ಹೂಡಿ ಅಕ್ಕ ಎಲ್ಲರಿಗೂ ಗಂಜಿ ಕಾಯಿಸಿದಳು. ಸಾಹೇಬರಿಗೂ ಒಂದು ಬಟ್ಟಲು ಕೊಟ್ಟಳು. ಹಸಿದವರನ್ನು ನೋಡಿ ಬಡಿಸುವ ಕೈ ಆರಿಸಿಕೊಳ್ಳುವುದಿಲ್ಲ. ಸಾಹೇಬರು ಪೂರ್ತಿ ಕುಡಿದರು. ಕುಡಿದು ಬೂಟು ಕಳಚಿ, ಬೊಬ್ಬೆ ಎದ್ದ ಪಾದ ನೋಡಿಕೊಂಡು, ಆ ಮರದ ಬುಡಕ್ಕೇ ಒರಗಿದರು.

"ನನ್ನ ಕೈಲಾಗಲ್ಲ. ಜ್ವರ ಮತ್ತೆ ಬಂದಿದೆ. ಇನ್ನು ನನ್ನನ್ನ ಹೊರಲೇಬೇಕು."

ಅಕ್ಕ ಬಗ್ಗಿ ಅವರ ಹಣೆಯ ಮೇಲೆ ಅಂಗೈ ಇಟ್ಟಳು. ತಮ್ಮನ ಹಣೆಯ ಮೇಲೆ ಇಡುವಷ್ಟೇ ಹೊತ್ತು ಇಟ್ಟಳು, ಮೋಸ ಮಾಡಲಿಲ್ಲ. ಹಣೆ ತಣ್ಣಗಿತ್ತು. ಖಾಲಿ ಬಟ್ಟಲು ಎತ್ತಿಕೊಂಡಳು.

"ಕೂತಿರಿ ಸಾಹೇಬ್ರೇ," ಎಂದಳು ಮೆಲ್ಲಗೆ. "ಹಿಂದಿನ ತಂಡ ಬರುತ್ತೆ."

ಹೊರೆಗಳು ಮೇಲೆದ್ದವು. ಕುರ್ಚಿ ಮೇಲೆದ್ದಿತು. ಸಾಲು ಇಳಿಜಾರು ಇಳಿಯತೊಡಗಿತು.

ಸಾಹೇಬರು ತಾವು ಬಂದ ದಾರಿಯ ಕಡೆ ತಿರುಗಿ ನೋಡಿದರು. ಗಿಡಗಳು ಅಲುಗುತ್ತಿರಲಿಲ್ಲ. ತುಳಿದ ಹುಲ್ಲು ಆಗಲೇ ತಲೆಯೆತ್ತುತ್ತಿತ್ತು. ಪಕ್ಕದಲ್ಲಿ ಅವರ ಹೆಸರನ್ನು ಅಪ್ಪಿಕೊಂಡು ಗೊಣಗಣ್ಣ ಮಲಗಿದ್ದ. ಬಹಳ ಹೊತ್ತು ನೋಡಿದರು. ಆಮೇಲೆ ಬೂಟು ಕೈಯಲ್ಲಿ ಹಿಡಿದುಕೊಂಡೇ ಎದ್ದು, ಬರಿಗಾಲಲ್ಲಿ ಕುಂಟುತ್ತ ಓಡಿಬಂದು, ಸಾಲಿನ ಕೊನೆಯವನ ಹಿಂದೆ ಸೇರಿಕೊಂಡರು.

ಹೀಗೆ ಆ ಯಾತ್ರೆಗೆ ಕೊನೆಗೂ ಒಂದು ಹಿಂದಿನ ತಂಡ ಸಿಕ್ಕಿತು.